ಯಾವ ಕಂಪನಿಯವನು?

ನಾನು ಬಿದ್ದದ್ದು ಆರನೇ ಮಹಡಿಯಿಂದ. ಸಿಕ್ಕಿದ್ದು ನಾಲ್ಕನೇ ಮಹಡಿಯಲ್ಲಿ, ಸುಮಾರು ಮೂರೂವರೆ ತಾಸಿನ ಮೇಲೆ. ಅಷ್ಟು ಹೊತ್ತೂ ಅದೇ ಕಟ್ಟಡದಲ್ಲಿ ಜನ ಕೆಲಸ ಮಾಡುತ್ತಿದ್ದರು, ಹತ್ತಿ ಇಳಿಯುತ್ತಿದ್ದರು, ಮೀಟಿಂಗ್ ನಡೆಸಿದರು. ಅವರಲ್ಲಿ ಒಬ್ಬರೂ ಕೆಟ್ಟವರಲ್ಲ. ಒಬ್ಬ ಮನುಷ್ಯ ಕಮ್ಮಿ ಬಿದ್ದಿದ್ದಾನೆ ಎಂಬುದು ಯಾರಿಗೂ ಗೊತ್ತಾಗುವ ಹಾಗೆಯೇ ಇರಲಿಲ್ಲ.

2014ರ ಫೆಬ್ರವರಿ. ಬೆಂಗಳೂರಿನ ಸರ್ಜಾಪುರ ರಸ್ತೆಯ ಕಡೆ ಒಂದು ಕಚೇರಿ ಕಟ್ಟಡ ಏಳುತ್ತಿತ್ತು. ಎರಡು ಬೇಸ್‌ಮೆಂಟು, ಮೇಲೆ ಹನ್ನೊಂದು ಮಹಡಿ. ನಾನು ಅಲ್ಲಿ ಎಲೆಕ್ಟ್ರಿಕಲ್ ಗುತ್ತಿಗೆ ಹಿಡಿದಿದ್ದ ಕಂಪನಿಯ ಸೂಪರ್‌ವೈಸರ್. ನನ್ನದು ಕುಷ್ಟಗಿ ತಾಲ್ಲೂಕು. ಡಿಪ್ಲೊಮಾ ಮುಗಿಸಿ ಬೆಂಗಳೂರಿಗೆ ಬಂದು ಆಗಲೇ ಒಂಬತ್ತು ವರ್ಷವಾಗಿತ್ತು.

ಕಾಂಕ್ರೀಟ್ ಕೆಲಸ ಮುಗಿಯುವವರೆಗೆ ಸೈಟು ಒಬ್ಬರ ಮನೆ ಇದ್ದ ಹಾಗೆ. ಸಿವಿಲ್ ಕಂಪನಿಯದೇ ಆಳು, ಅದರದೇ ಕ್ರೇನು, ಅದರದೇ ಮಾತು. ಸ್ಲ್ಯಾಬು ಮುಗಿದು ಒಳಗಿನ ಕೆಲಸ ಶುರುವಾಯಿತೋ, ಅದೇ ಜಾಗ ಸಂತೆಯಾಗುತ್ತದೆ. ನಾವು, ಪ್ಲಂಬಿಂಗಿನವರು, ಬೆಂಕಿ ನಂದಿಸುವ ಪೈಪಿನವರು, ಎಸಿ ಡಕ್ಟಿನವರು, ಲಿಫ್ಟಿನವರು, ಹೊರಗೆ ಗಾಜು ಕೂರಿಸುವವರು, ಫಾಲ್ಸ್ ಸೀಲಿಂಗಿನವರು. ಸಿವಿಲ್ ಸೇರಿ ಎಂಟು ಕಂಪನಿ. ಮಾಲೀಕರ ಪರವಾಗಿ ಎಲ್ಲರ ಕೆಲಸ ನೋಡಿಕೊಳ್ಳಲು ಇನ್ನೊಂದು ಸಂಸ್ಥೆ, ಅದನ್ನು ನಾವು ಪಿಎಂಸಿ ಎನ್ನುತ್ತೇವೆ. ಗೇಟಿನ ಕಾವಲಿಗೆ ಮತ್ತೊಂದು ಏಜೆನ್ಸಿ. ಹೆಲ್ಮೆಟ್ಟಿನ ಬಣ್ಣ ನೋಡಿದರೆ ಯಾರ ಕಡೆಯವರೆಂದು ಗೊತ್ತಾಗುತ್ತಿತ್ತು. ಸಿವಿಲ್‌ನವರದು ಹಳದಿ, ಪ್ಲಂಬಿಂಗಿನವರದು ನೀಲಿ, ಬೆಂಕಿ ಪೈಪಿನವರದು ಕೆಂಪು, ನಮ್ಮದು ಹಸಿರು.

ಅಲ್ಲಿ ಸುರಕ್ಷತೆಯೇ ಇರಲಿಲ್ಲ ಎಂದು ಓದುವವರು ಅಂದುಕೊಳ್ಳಬಾರದು. ಬೆಳಗ್ಗೆ ಎಂಟು ಗಂಟೆಗೆ ಎಂಟು ಕಡೆ ಎಂಟು ಟೂಲ್‌ಬಾಕ್ಸ್ ಮೀಟಿಂಗ್ ನಡೆಯುತ್ತಿದ್ದವು. ನಾನೂ ನಮ್ಮ ಹುಡುಗರನ್ನು ಸಾಲಾಗಿ ನಿಲ್ಲಿಸಿ, ಹೆಲ್ಮೆಟ್ಟು, ಬೆಲ್ಟು, ಶೂ ನೋಡಿ, ಇವತ್ತು ಎಲ್ಲಿ ಕೆಲಸ, ಎಲ್ಲಿ ಹುಷಾರಾಗಿರಬೇಕು ಎಂದು ಹೇಳಿಯೇ ಕಳಿಸುತ್ತಿದ್ದೆ. ನಮ್ಮ ಕೆಲಸದ ಅಪಾಯ ನಮಗೆ ಗೊತ್ತಿತ್ತು. ಪಕ್ಕದ ಕಂಪನಿಯವನು ಇವತ್ತು ಏನು ಬಿಚ್ಚುತ್ತಾನೆ, ಏನು ಕೀಳುತ್ತಾನೆ ಎಂಬುದು ಗೊತ್ತಿರಲಿಲ್ಲ. ಅದನ್ನು ಹೇಳುವುದು ಯಾರ ಕೆಲಸವೂ ಆಗಿರಲಿಲ್ಲ.

ಶಾಫ್ಟ್ ಎಂದರೆ ಕೇಬಲ್, ಪೈಪು ಮೇಲಿಂದ ಕೆಳಗಿನವರೆಗೆ ಹೋಗಲು ಬಿಟ್ಟ ಬಾವಿಯಂಥ ಜಾಗ. ಆ ಕಟ್ಟಡದಲ್ಲಿ ಕೇಬಲ್ ಬದಿಗೂ ಪೈಪಿನ ಬದಿಗೂ ನಡುವೆ ಗೋಡೆ ಏಳಬೇಕಿತ್ತು, ಇನ್ನೂ ಎದ್ದಿರಲಿಲ್ಲ. ಪ್ರತಿ ಮಹಡಿಯ ಸ್ಲ್ಯಾಬಿನಲ್ಲೂ ನಾಲ್ಕಡಿ ಉದ್ದ, ಮೂರಡಿ ಅಗಲದ ತೂತು. ಸಿವಿಲ್‌ನವರು ಅದಕ್ಕೆ ದಪ್ಪ ಪ್ಲೈವುಡ್ ಹಾಸಿ, ಮೊಳೆ ಹೊಡೆದು, ಮೇಲೆ ಕೆಂಪು ಬಣ್ಣದಲ್ಲಿ ‘ಡೇಂಜರ್’ ಎಂದು ಬರೆದಿದ್ದರು. ಸರಿಯಾಗಿಯೇ ಮಾಡಿದ್ದರು.

ಆ ದಿನ ಮಧ್ಯಾಹ್ನ ಏನಾಯಿತೆಂಬುದು ನನಗೆ ತಿಳಿದದ್ದು ಒಂದೂವರೆ ತಿಂಗಳ ನಂತರ. ಪ್ಲಂಬಿಂಗಿನ ನಾಲ್ಕು ಜನ ಏಳನೇ ಮಹಡಿಯಿಂದ ಹಗ್ಗ ಕಟ್ಟಿ ಪೈಪು ಇಳಿಸಲು ಆರನೇ ಮಹಡಿಯ ಮತ್ತು ಐದನೇ ಮಹಡಿಯ ಹಲಗೆ ಎಬ್ಬಿಸಿದರು. ಪೈಪು ಹೋಗಲೆಂದು ಹಲಗೆಯ ಒಂದು ಅಂಚನ್ನು ಕತ್ತರಿಸಿದರು. ಪೈಪು ಇಳಿಸಿ, ಆರನೇ ಮಹಡಿಯ ಹಲಗೆಯನ್ನು ತೂತಿನ ಮೇಲೆ ಸುಮ್ಮನೆ ಎಳೆದಿಟ್ಟು, ಚಹಾ ಕುಡಿದು ಬಂದು ಮೊಳೆ ಹೊಡೆಯೋಣ ಎಂದು ಇಳಿದರು. ಐದನೇ ಮಹಡಿಯದು ಗೋಡೆಗೆ ಒರಗಿಸಿದ್ದು ಹಾಗೇ ಉಳಿಯಿತು. ಚಹಾ ಕುಡಿಯುವ ಹೊತ್ತಿಗೆ ಬೇಸ್‌ಮೆಂಟಿನಲ್ಲಿ ಎಲ್ಲೋ ನೀರು ಸೋರುತ್ತಿದೆಯೆಂದು ಅವರ ಸೂಪರ್‌ವೈಸರ್ ನಾಲ್ವರನ್ನೂ ಅಲ್ಲಿಗೆ ಕಳಿಸಿದ.

ಇನ್ನೊಂದು ಸಂಗತಿ ಅದಕ್ಕೂ ಒಂದು ವಾರ ಹಿಂದಿನದು. ಬೆಲ್ಟಿನ ಹುಕ್ಕು ಸಿಕ್ಕಿಸಲೆಂದು ಶಾಫ್ಟಿನ ಬಾಯಿಗೆ ಕಟ್ಟಿದ್ದ ಉಕ್ಕಿನ ಹಗ್ಗವನ್ನು ಸಿವಿಲ್‌ನವರು ಬಿಚ್ಚಿದ್ದರು. ಬ್ಲಾಕ್ ಗೋಡೆ ಕಟ್ಟಲು ಅದು ಅಡ್ಡವಾಗುತ್ತಿತ್ತು. ಹಾಗಾಗಿ ಆ ಸಂಜೆ ಬೆಲ್ಟು ನನ್ನ ಮೈಮೇಲೆ ಇತ್ತು, ಹುಕ್ಕು ಸಿಕ್ಕಿಸಲು ಏನೂ ಇರಲಿಲ್ಲ.

ಐದೂ ಮುಕ್ಕಾಲರ ಹೊತ್ತು. ಮರುದಿನದ ಕೇಬಲ್ ಎಳೆಯುವ ಕೆಲಸಕ್ಕೆ ಅಳತೆ ನೋಡಬೇಕಿತ್ತು. ನನ್ನ ಜೊತೆಗಿದ್ದ ಇಬ್ಬರು ಹುಡುಗರನ್ನು ಜಾಕ್ ತರಲು ಕೆಳಗೆ ಕಳಿಸಿದ್ದೆ. ಫೋನಿನ ಚಾರ್ಜು ಮುಗಿಯುತ್ತ ಬಂದಿತ್ತು, ಅದನ್ನು ಮಹಡಿಯ ಟೆಂಪರರಿ ಬೋರ್ಡಿಗೆ ಹಾಕಿ ಶಾಫ್ಟಿನೊಳಗೆ ಕಾಲಿಟ್ಟೆ. ಕೆಂಪು ಅಕ್ಷರ ಕಾಣುತ್ತಿತ್ತು. ಆರು ತಿಂಗಳಿಂದ ದಿನಾ ನಿಲ್ಲುತ್ತಿದ್ದ ಹಲಗೆ ಅದು. ಎರಡನೇ ಹೆಜ್ಜೆಗೆ ತಕ್ಕಡಿಯ ತಟ್ಟೆಯ ಹಾಗೆ ವಾಲಿತು.

ಬೀಳುವಾಗ ಕೇಬಲ್ ಟ್ರೇಯ ಒಂದು ಬ್ರಾಕೆಟ್ಟಿಗೆ ಎಡಗೈ ಬಡಿಯಿತು. ಮುಂಗೈ ಮುರಿದದ್ದು ಅಲ್ಲಿ. ಪ್ರಾಣ ಉಳಿದದ್ದೂ ಬಹುಶಃ ಅಲ್ಲೇ, ಬೀಳುವ ರಭಸ ಅಷ್ಟಾದರೂ ಕಮ್ಮಿಯಾಯಿತು. ನಾಲ್ಕನೇ ಮಹಡಿಯ ಹಲಗೆಗೆ ಮೊಳೆ ಭದ್ರವಾಗಿತ್ತು. ಅದರ ಮೇಲೆ ಬಿದ್ದೆ. ಬಲತೊಡೆ ಮಡಚಬಾರದ ಕಡೆ ಮಡಚಿಕೊಂಡಿತ್ತು. ಹೆಲ್ಮೆಟ್ಟಿನ ಪಟ್ಟಿ ಗದ್ದಕ್ಕೆ ಕಟ್ಟಿದ್ದರಿಂದ ಅದು ತಲೆಯ ಮೇಲೇ ಇತ್ತು, ಮುಂದೆ ಒಂದು ಸೀಳು ಬಿಟ್ಟಿತ್ತು.

ಎಚ್ಚರವಾಗಿ ನೋಡಿದರೆ ಸುತ್ತ ಗೋಡೆ. ಮೂರು ಬದಿ ಕಾಂಕ್ರೀಟು, ನಾಲ್ಕನೆಯ ಬದಿ ಅವತ್ತೇ ಕಟ್ಟಿದ ಬ್ಲಾಕ್ ಗೋಡೆ. ಗಾರೆ ಇನ್ನೂ ಹಸಿ, ಅದರ ತಣ್ಣನೆ ವಾಸನೆ ಮೂಗಿಗೆ ಬರುತ್ತಿತ್ತು. ಮೇಲೆ ಸುಮಾರು ಒಂದೂವರೆ ಅಡಿ ಕಟ್ಟುವುದು ಬಾಕಿ ಉಳಿಸಿದ್ದರು, ಅಲ್ಲಿಂದ ಮಹಡಿಯ ದೀಪದ ಬೆಳಕು ಬೀಳುತ್ತಿತ್ತು. ಕೂಗಲು ಬಾಯಿ ತೆರೆದೆ. ಪಕ್ಕೆಲುಬು ಮುರಿದಿದೆ ಎಂದು ಆಗ ಗೊತ್ತಾಯಿತು. ಉಸಿರು ಎಳೆದರೆ ಚಾಕು ಹಾಕಿದ ಹಾಗೆ. ನನ್ನ ಕೂಗು ನನಗೇ ಸರಿಯಾಗಿ ಕೇಳಲಿಲ್ಲ. ಹೊರಗೆ ಜನರೇಟರಿನ ಸದ್ದು, ಗಾಜಿನವರ ಡ್ರಿಲ್ಲಿನ ಸದ್ದು.

ಹೆದರಿಕೆ ಆಗಲಿಲ್ಲ, ಮೊದಲು. ನನ್ನ ಹುಡುಗರು ಈಗ ಬರುತ್ತಾರೆ, ಹುಡುಕುತ್ತಾರೆ ಎಂದುಕೊಂಡೆ. ಅವರು ಬಂದಿದ್ದರು ಕೂಡ. ನಾನು ಕಾಣಲಿಲ್ಲ. ಆರು ಗಂಟೆಗೆ ಪಿಎಂಸಿ ಕಚೇರಿಯಲ್ಲಿ ದಿನಾ ಎಲ್ಲ ಕಂಪನಿಯವರ ಮೀಟಿಂಗ್ ಇರುತ್ತದೆ, ಸಾರ್ ಅಲ್ಲಿಗೆ ಹೋಗಿದ್ದಾರೆ ಎಂದುಕೊಂಡು ಜಾಕ್ ಇಟ್ಟು ಮನೆಗೆ ಹೋದರು. ಮೀಟಿಂಗಿನಲ್ಲಿ ನಾನು ಇರಲಿಲ್ಲ. ಅಲ್ಲಿ ಎಲ್ಲರೂ ನಾನು ಮೇಲೆ ಕೆಲಸದಲ್ಲಿದ್ದೇನೆ ಎಂದುಕೊಂಡರು. ಆ ದಿನದ ಮೀಟಿಂಗಿನ ಹಾಳೆಯನ್ನು ಆಮೇಲೆ ನಾನು ನೋಡಿದ್ದೇನೆ. ಯಾವ ಮಹಡಿ ಎಷ್ಟು ದಿನ ತಡ, ಯಾರಿಂದ ತಡ ಎಂದು ಎರಡು ಪುಟ ಬರೆದಿದ್ದರು. ಕೊನೆಯಲ್ಲಿ ಒಂದು ಸಾಲು: ‘ಎಲೆಕ್ಟ್ರಿಕಲ್ – ಗೈರು.’ ಅದನ್ನು ಬರೆದ ಹೊತ್ತಿಗೆ ನಾನು ಅವರಿಂದ ನಾಲ್ಕು ಮಹಡಿ ಮೇಲೆ ಬಿದ್ದಿದ್ದೆ.

ಗೇಟಿನಲ್ಲಾದರೂ ಲೆಕ್ಕ ಸಿಗಬೇಕಿತ್ತು. ಆದರೆ ಒಂದೊಂದು ಕಂಪನಿಗೆ ಒಂದೊಂದು ರಿಜಿಸ್ಟರ್. ಕೂಲಿಯವರು ಲೇಬರ್ ಗೇಟಿನಿಂದ, ಸ್ಟಾಫ್ ಮುಂದಿನ ಗೇಟಿನಿಂದ. ಒಳಗೆ ಬರುವಾಗ ಎಲ್ಲರೂ ಸಹಿ ಹಾಕುತ್ತಿದ್ದೆವು, ಹೋಗುವಾಗ ಸ್ಟಾಫಿನವರು ಹಾಕುತ್ತಿರಲಿಲ್ಲ. ಹಾಕಿ ಎಂದು ಯಾರೂ ಹೇಳಿರಲಿಲ್ಲ, ನಾನೂ ಒಂದು ದಿನ ಹಾಕಿದವನಲ್ಲ.

ಏಳು ಗಂಟೆಗೆ ಸಿವಿಲ್‌ನವರು ಮಹಡಿಗಳ ದೀಪ ಆರಿಸಿದರು. ದೀಪ ಅವರದು, ಅವರ ಕೆಲಸ ಮುಗಿದಿತ್ತು. ಆ ಒಂದೂವರೆ ಅಡಿಯ ಬೆಳಕು ಹೋದಾಗ ಮಾತ್ರ ನನಗೆ ಹೆದರಿಕೆಯಾಯಿತು. ಸ್ವಲ್ಪ ಹೊತ್ತಿಗೆ ಮೇಲೆ ಆರನೇ ಮಹಡಿಯಲ್ಲಿ ನನ್ನ ಫೋನು ಹೊಡೆದುಕೊಳ್ಳತೊಡಗಿತು. ಶಾಫ್ಟಿನೊಳಗೆ ಆ ಸದ್ದು ತುಂಬಾ ಹತ್ತಿರ ಕೇಳುತ್ತದೆ. ಎಂಟರ ನಂತರ ನಾನು ಮನೆಗೆ ಬರದಿದ್ದರೆ ಕರೆಯುವವಳು ನನ್ನ ಹೆಂಡತಿ ಒಬ್ಬಳೇ. ಪೂರ್ತಿ ಹೊಡೆದು ನಿಲ್ಲುವುದು, ಮತ್ತೆ ಶುರುವಾಗುವುದು. ಹನ್ನೊಂದು ಸಲ ಎಣಿಸಿದೆ. ಅವಳು ನಮ್ಮ ಕಂಪನಿಯ ಎಂಜಿನಿಯರಿಗೂ ಫೋನ್ ಮಾಡಿದ್ದಳಂತೆ. ‘ಸೈಟಿನಿಂದ ಹೊರಟಿದ್ದಾರೆ ಅಕ್ಕಾ, ಟ್ರಾಫಿಕ್ಕಿನಲ್ಲಿ ಇರಬೇಕು’ ಎಂದಿದ್ದ. ಅವನೂ ನಂಬಿಯೇ ಹೇಳಿದ್ದು.

ಸೊಂಟದ ಚೀಲದಲ್ಲಿ ಒಂದು ಸ್ಪ್ಯಾನರ್ ಉಳಿದಿತ್ತು. ಬಲಗೈಗೆ ಎಟಕುವಷ್ಟು ದೂರದಲ್ಲಿ ಬೆಂಕಿ ನಂದಿಸುವ ನೀರಿನ ದಪ್ಪ ಪೈಪು ಇತ್ತು, ಇನ್ನೂ ನೀರು ಬಿಟ್ಟಿರಲಿಲ್ಲ. ಅದಕ್ಕೆ ಬಡಿಯತೊಡಗಿದೆ. ಮೊದಲು ಸುಮ್ಮನೆ ಬಡಿದೆ. ಸೈಟಿನಲ್ಲಿ ಕಬ್ಬಿಣಕ್ಕೆ ಕಬ್ಬಿಣ ಬಡಿಯುವ ಸದ್ದನ್ನು ಯಾರು ಕೇಳಿಸಿಕೊಳ್ಳುತ್ತಾರೆ? ಆಮೇಲೆ ಮೂರು ಪೆಟ್ಟು, ಬಿಡುವು, ಮತ್ತೆ ಮೂರು ಪೆಟ್ಟು ಎಂದು ಮಾಡಿದೆ. ಪ್ರತಿ ಪೆಟ್ಟಿಗೂ ಪಕ್ಕೆ ಸೀಳುತ್ತಿತ್ತು. ನಡುವೆ ಎಷ್ಟು ಹೊತ್ತು ನಿದ್ದೆಯೋ ಮೂರ್ಛೆಯೋ ಬಂದಿತ್ತು, ತಿಳಿಯದು.

ಕೆಳಗೆ ಬೇಸ್‌ಮೆಂಟಿನ ಪಂಪ್ ರೂಮಿನಲ್ಲಿ ಬೆಂಕಿ ಪೈಪಿನ ಕಂಪನಿಯ ಇಬ್ಬರು ಫಿಟ್ಟರುಗಳು ಓವರ್‌ಟೈಮ್ ಮಾಡುತ್ತಿದ್ದರು. ಪೈಪಿನಲ್ಲಿ ಸದ್ದು ಬಂದಾಗ ಒಬ್ಬ, ‘ಮೇಲೆ ನಮ್ಮವರು ಯಾರೂ ಇಲ್ಲವಲ್ಲ’ ಎಂದನಂತೆ. ಅದೊಂದು ಮಾತಿನಿಂದ ನಾನು ಉಳಿದೆ. ತನ್ನವರು ಎಲ್ಲೆಲ್ಲಿದ್ದಾರೆ ಎಂಬುದು ಅವನಿಗೆ ಗೊತ್ತಿತ್ತು. ಪೈಪಿಗೆ ಕಿವಿಯಿಟ್ಟುಕೊಂಡು ಒಂದೊಂದೇ ಮಹಡಿ ಹತ್ತಿ ಬಂದ. ನಾಲ್ಕನೇ ಮಹಡಿಯಲ್ಲಿ ಬ್ಲಾಕಿನ ಮೇಲೆ ಬ್ಲಾಕ್ ಇಟ್ಟು ಏರಿ, ಗೋಡೆಯ ಮೇಲಿಂದ ಟಾರ್ಚ್ ಬಿಟ್ಟ. ಕೆಂಪು ಹೆಲ್ಮೆಟ್ಟು, ಅದರ ಕೆಳಗೆ ಇಪ್ಪತ್ತರ ಆಸುಪಾಸಿನ ಮುಖ. ಅವನು ಕೇಳಿದ ಮೊದಲ ಮಾತು:

‘ಕೌನ್ ಕಂಪನಿ ಕಾ ಆದ್ಮಿ ಹೈ?’

ನಾನು ಹೇಳಿದೆ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಅವನ ಋಣ ತೀರುವಂಥದ್ದಲ್ಲ. ಯಾರನ್ನು ಕರೆಯಬೇಕೆಂದು ತಿಳಿಯಲು ಅವನಿಗೆ ಅದೊಂದೇ ದಾರಿ. ನಾನೇ ಎಷ್ಟೋ ಜನರನ್ನು ಹಾಗೆ ಕೇಳಿದ್ದೆ. ಏಟು ತಿಂದು ಕೂತವನನ್ನು ಕೂಡ.

ಇನ್ನು ಎತ್ತುವ ಪಾಡು. ಆಳು, ಸಾಮಾನು ಏರಿಳಿಸುವ ಹಾಯ್ಸ್ಟ್ ಸಿವಿಲ್‌ನವರದು, ಅದರ ಆಪರೇಟರ್ ಏಳಕ್ಕೇ ಕೀಲಿ ಜೇಬಿಗೆ ಹಾಕಿಕೊಂಡು ಹೋಗಿದ್ದ. ಸ್ಟ್ರೆಚರ್ ಅವರ ಪ್ರಥಮ ಚಿಕಿತ್ಸೆಯ ಕೋಣೆಯಲ್ಲಿತ್ತು, ಆ ಕೋಣೆಗೂ ಬೀಗ. ನನ್ನನ್ನು ಹೊರತೆಗೆಯಲು ಗೋಡೆ ಒಡೆಯಬೇಕಿತ್ತು. ಲೇಬರ್ ಶೆಡ್ಡಿನಿಂದ ಬಂದವರಲ್ಲಿ ಆ ಗೋಡೆ ಕಟ್ಟಿದ ಮೇಸ್ತ್ರಿಯೇ ಇದ್ದ, ಯಾದಗಿರಿ ಕಡೆಯವನು. ಸುತ್ತಿಗೆ ಹಿಡಿದು ಒಂದು ಗಳಿಗೆ ನಿಂತ. ‘ನಮ್ಮ ಎಂಜಿನಿಯರ್‌ಗೆ ಒಂದ್ ಮಾತ್ ಕೇಳ್ಲೇನ್ರೀ?’ ಎಂದು ಯಾರನ್ನೋ ಕೇಳಿದ್ದು ನನಗೆ ಒಳಗಿನಿಂದ ಕೇಳಿಸಿತು. ಬೇರೆ ಕಂಪನಿಯವನಿಗಾಗಿ ತನ್ನ ಕಂಪನಿಯ ಗೋಡೆ ಒಡೆದರೆ ಕೂಲಿ ಹಿಡಿದಾರು ಎಂಬ ಭಯ ಅವನಿಗೆ. ಆಮೇಲೆ ಯಾರ ಉತ್ತರಕ್ಕೂ ಕಾಯದೆ, ‘ಸಾಹೇಬ್ರ, ಮಾರಿ ಮುಚ್ಕೋರಿ, ಕಲ್ಲು ಸಿಡೀತಾವ’ ಎಂದು ಕೂಗಿ ಹೊಡೆದ. ಹಸಿ ಗೋಡೆ, ನಾಲ್ಕೇ ಪೆಟ್ಟಿಗೆ ಬಾಯಿ ಬಿಟ್ಟಿತು.

ಪ್ಲೈವುಡ್ ಹಲಗೆಯ ಮೇಲೆ ಮಲಗಿಸಿ ನನ್ನದೇ ಬೆಲ್ಟಿನಿಂದ ಕಟ್ಟಿದರು. ನಾಲ್ಕು ಜನ ಹೊತ್ತರು, ಇಬ್ಬರದು ಹಳದಿ, ಒಬ್ಬನದು ಕೆಂಪು, ಒಬ್ಬ ಬರಿದಲೆಯವನು. ಮೆಟ್ಟಿಲಿಗೆ ಇನ್ನೂ ಕಂಬಿ ಕೂರಿಸಿರಲಿಲ್ಲ. ಮೊಬೈಲ್ ಬೆಳಕಿನಲ್ಲಿ ಒಂದೊಂದೇ ಮೆಟ್ಟಿಲು ಇಳಿಸಿದರು. 108ರ ಆಂಬುಲೆನ್ಸ್ ಆಗಲೇ ಬಂದಿತ್ತು, ಮುಂದಿನ ಗೇಟಿಗೆ. ನಾವು ಇಳಿದದ್ದು ಹಿಂದಿನ ಮೆಟೀರಿಯಲ್ ಗೇಟಿನ ಬಳಿ. ಮುಂದಿನ ಗೇಟಿನ ಕಾವಲುಗಾರನಿಗೆ ಒಳಗೆ ಏನಾಗಿದೆ ಎಂದು ಯಾರೂ ತಿಳಿಸಿರಲಿಲ್ಲ. ರಾತ್ರಿ ಪಾಸ್ ಇಲ್ಲದೆ ಗಾಡಿ ಬಿಡಬಾರದೆಂದು ಅವನಿಗೆ ಹೇಳಿದ್ದರು. ಆ ಹಲಗೆಯ ಮೇಲೆ ಆಕಾಶ ನೋಡುತ್ತ ಇಪ್ಪತ್ತು ನಿಮಿಷ ಮಲಗಿದ್ದೆ. ಮೂರೂವರೆ ತಾಸಿಗಿಂತ ಆ ಇಪ್ಪತ್ತು ನಿಮಿಷ ನನಗೆ ಈಗಲೂ ಹೆಚ್ಚು ನೆನಪಾಗುತ್ತದೆ.

ತೊಡೆಗೆ ರಾಡು ಹಾಕಿದರು. ಮುಂಗೈಗೆ ಪ್ಲೇಟು. ಐದು ತಿಂಗಳು ಊರಿನಲ್ಲಿದ್ದೆ.

ಆ ಐದು ತಿಂಗಳಲ್ಲಿ ಪತ್ರಗಳು ಓಡಾಡಿದವು. ಹಲಗೆಗೆ ಮೊಳೆ ಹೊಡೆದೇ ಕೊಟ್ಟಿದ್ದೇವೆ, ಫೋಟೋ ಇದೆ ಎಂದಿತು ಸಿವಿಲ್ ಕಂಪನಿ. ಆ ಜಾಗದಲ್ಲಿ ಬೇರೆಯವರು ಕೆಲಸಕ್ಕೆ ಬರುತ್ತಾರೆಂದು ನಮಗೆ ಯಾರೂ ತಿಳಿಸಿಲ್ಲ ಎಂದಿತು ಪ್ಲಂಬಿಂಗ್ ಕಂಪನಿ. ಒಬ್ಬನೇ ಯಾಕೆ ಹೋದೆ ಎಂದು ಕೇಳಿತು ನನ್ನ ಕಂಪನಿ. ಎಲ್ಲ ಪತ್ರಗಳನ್ನೂ ಓದಿದೆ. ಒಂದರಲ್ಲೂ ಸುಳ್ಳಿರಲಿಲ್ಲ.

ಕೂತಲ್ಲೇ ಕಾನೂನು ಓದಿಕೊಂಡೆ. ಆಗ ಜಾರಿಯಲ್ಲಿದ್ದ 1996ರ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಾಯ್ದೆಯ 38ನೇ ಕಲಮಿನ ಪ್ರಕಾರ 500 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಕಾರ್ಮಿಕರ ಪ್ರತಿನಿಧಿಗಳೂ ಇರುವ ಸುರಕ್ಷತಾ ಸಮಿತಿ ಬೇಕಿತ್ತು. ನಮ್ಮ ಸೈಟಿನಲ್ಲಿ ದಿನಕ್ಕೆ ಆರುನೂರರಷ್ಟು ಜನ ದುಡಿಯುತ್ತಿದ್ದೆವು. ಸಮಿತಿ ಇರಲಿಲ್ಲ. ಒಂದೊಂದು ಕಂಪನಿಯೂ ತನ್ನ ತಲೆಗಳನ್ನು ಮಾತ್ರ ಎಣಿಸಿಕೊಂಡಿತ್ತು, ಯಾರ ಲೆಕ್ಕವೂ 500 ಮುಟ್ಟುತ್ತಿರಲಿಲ್ಲ. ಅದೇ ಕಾಯ್ದೆಯಲ್ಲಿ ಉದ್ಯೋಗದಾತ ಎಂಬ ಮಾತಿನೊಳಗೆ ಕಟ್ಟಡದ ಮಾಲೀಕನೂ ಬರುತ್ತಿದ್ದ. ಅವನ ಕಡೆಯಿಂದ ಎಣಿಸಿದ್ದರೆ ಎಲ್ಲರೂ ಒಂದೇ ಲೆಕ್ಕಕ್ಕೆ ಬರುತ್ತಿದ್ದೆವು. ಇನ್ನೊಂದು ಮಾತು ಓದಿ ನನಗೆ ನಿಜಕ್ಕೂ ನೋವಾಯಿತು. ಮೇಲ್ವಿಚಾರಣೆಯ ಕೆಲಸದಲ್ಲಿದ್ದು ತಿಂಗಳಿಗೆ 1600 ರೂಪಾಯಿಗಿಂತ ಹೆಚ್ಚು ಸಂಬಳ ಪಡೆಯುವವನು ಆ ಕಾಯ್ದೆಯ ಪ್ರಕಾರ ಕಟ್ಟಡ ಕಾರ್ಮಿಕನೇ ಆಗಿರಲಿಲ್ಲ. ಶಾಫ್ಟಿನಲ್ಲಿ ಬಿದ್ದಿದ್ದ ನಾನು ಆ ಲೆಕ್ಕಕ್ಕೂ ಸೇರಿದವನಾಗಿರಲಿಲ್ಲ.

ಎಲ್ಲ ಕಂಪನಿಗಳ ಸುರಕ್ಷತೆಗೂ ಒಬ್ಬರು ಹೊಣೆಯಾಗಬೇಕು ಎಂಬ ಮಾತು ಬೇರೆ ಕಡೆ ಹೊಸದಲ್ಲ. ಎರಡು ಅಥವಾ ಹೆಚ್ಚು ಉದ್ಯೋಗದಾತರು ಒಂದೇ ಸೈಟಿನಲ್ಲಿ ಒಟ್ಟಿಗೆ ಕೆಲಸ ನಡೆಸಿದರೆ ಎಲ್ಲರ ಸುರಕ್ಷತೆಯನ್ನೂ ಹೊಂದಿಸುವ ಹೊಣೆ ಮುಖ್ಯ ಗುತ್ತಿಗೆದಾರನದು ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1988ರ 167ನೇ ಒಡಂಬಡಿಕೆಯಲ್ಲೇ ಬರೆದಿದೆ. ಯುರೋಪಿನ ದೇಶಗಳು 1992ರಲ್ಲಿ ಇಂಥ ಸೈಟುಗಳಿಗೆ ಸಂಯೋಜಕನೊಬ್ಬ ಇರಲೇಬೇಕೆಂದು ಒಪ್ಪಿಕೊಂಡವು. ಕೊನೆಗೆ ನನ್ನ ನೆರವಿಗೆ ಬಂದದ್ದು ಇನ್ನೂ ಹಳೆಯ ಕಾನೂನು, 1923ರ ನೌಕರರ ಪರಿಹಾರ ಕಾಯ್ದೆ. ತನ್ನ ವ್ಯವಹಾರದ ಕೆಲಸವನ್ನು ಗುತ್ತಿಗೆಗೆ ಕೊಟ್ಟವನು ಗುತ್ತಿಗೆದಾರನ ಆಳಿಗೂ ಪರಿಹಾರ ಕೊಡಬೇಕು, ಆಮೇಲೆ ಬೇಕಾದರೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಲಿ ಎನ್ನುತ್ತಿತ್ತು ಅದರ 12ನೇ ಕಲಮು. ಅದನ್ನು ಮುಂದಿಟ್ಟ ಮೇಲೆ ಪತ್ರಗಳು ನಿಂತವು, ಹಣ ಬಂತು.

ನನ್ನದೂ ಒಂದು ತಪ್ಪು ಹೇಳಬೇಕು. ನಾನು ಬೀಳುವ ಹತ್ತು ದಿನ ಮೊದಲು ಕೇಬಲ್ ಡ್ರಮ್ ಒಳಗೆ ತರಲು ಎರಡನೇ ಮಹಡಿಯ ಅಂಚಿನ ತಡೆಕಂಬಿಯನ್ನು ನನ್ನ ಹುಡುಗರೇ ಬಿಚ್ಚಿದ್ದರು. ಆಮೇಲೆ ಬೈಂಡಿಂಗ್ ತಂತಿಯಲ್ಲಿ ಎರಡು ಸುತ್ತು ಕಟ್ಟಿದೆವು, ಅಷ್ಟೇ. ಸಿವಿಲ್‌ನವರಿಗೆ ಹೇಳಲಿಲ್ಲ. ಯಾರಾದರೂ ಅದಕ್ಕೆ ಒರಗಿದ್ದರೆ? ಆಸ್ಪತ್ರೆಯಲ್ಲಿ ಎಷ್ಟೋ ರಾತ್ರಿ ಆ ಎರಡು ಸುತ್ತು ತಂತಿ ಕಣ್ಣ ಮುಂದೆ ಬರುತ್ತಿತ್ತು.

ಈಗ ಬೇರೊಂದು ಕಡೆ ಕೆಲಸ, ಮಾಲೀಕರ ಕಡೆಯಿಂದ ಸುರಕ್ಷತೆ ನೋಡಿಕೊಳ್ಳುವುದು. ಅಲ್ಲಿ ಒಂಬತ್ತು ಕಂಪನಿಗಳಿವೆ. ಸಂಜೆ ನಾಲ್ಕೂವರೆಗೆ ಒಂಬತ್ತೂ ಕಂಪನಿಯ ಸೂಪರ್‌ವೈಸರುಗಳು ಮತ್ತು ನಾನು ಮಹಡಿಗಳ ನಕ್ಷೆಯ ಮುಂದೆ ನಿಲ್ಲುತ್ತೇವೆ, ಕುರ್ಚಿ ಹಾಕುವುದಿಲ್ಲ. ನಾಳೆ ಯಾರ ಆಳು ಎಲ್ಲಿ ಎಂದು ಅವರವರ ಬಣ್ಣದ ಪಿನ್ನು ಚುಚ್ಚುತ್ತಾರೆ. ಒಂದೇ ಜಾಗದಲ್ಲಿ, ಅಥವಾ ಒಂದರ ನೇರ ಕೆಳಗೆ ಇನ್ನೊಂದು ಪಿನ್ನು ಬಿತ್ತೆಂದರೆ ಜಗಳ ಅಲ್ಲೇ, ನಕ್ಷೆಯ ಮುಂದೆಯೇ. ಕಳೆದ ತಿಂಗಳು ಒಂಬತ್ತನೇ ಮಹಡಿಯಲ್ಲಿ ವೆಲ್ಡಿಂಗಿಗೆ ಗಾಜಿನವರು, ಅದರ ಕೆಳಗೆ ಥಿನ್ನರ್ ಡಬ್ಬಿ ಇಟ್ಟುಕೊಂಡು ಬಣ್ಣದವರು. ಇಪ್ಪತ್ತು ನಿಮಿಷ ಕೂಗಾಡಿದರು. ಬಣ್ಣದವರು ಇನ್ನೊಂದು ಬದಿಗೆ ಹೋದರು. ನೆಲದ ತೂತಿನ ಹಲಗೆ ಎತ್ತುವವನು ತನ್ನ ಹೆಸರು ಬರೆದ ಚೀಟಿ ಕಟ್ಟಬೇಕು, ಮೊಳೆ ಹೊಡೆಯುವವರೆಗೆ ಅಲ್ಲಿಂದ ಕದಲಬಾರದು, ಚಹಾಕ್ಕೂ. ಹಾಯ್ಸ್ಟಿನ ಇನ್ನೊಂದು ಕೀಲಿ ಮತ್ತು ಸ್ಟ್ರೆಚರ್ ಗೇಟಿನ ಕೋಣೆಯಲ್ಲಿವೆ. ಆ ಕೋಣೆಗೆ ಬೀಗವಿಲ್ಲ.

ಗೇಟಿನಲ್ಲಿ ಎಲ್ಲ ಕಂಪನಿಗೂ ಸೇರಿ ಒಂದೇ ಲೆಕ್ಕ. ಅದು ಸೊನ್ನೆಯಾಗುವವರೆಗೆ, ಅಥವಾ ರಾತ್ರಿ ಪಾಳಿಯವರ ಹೆಸರಿಗೆ ಸರಿಹೊಂದುವವರೆಗೆ ನಾನು ಮನೆಗೆ ಹೋಗುವುದಿಲ್ಲ. ಒಮ್ಮೆ ಒಬ್ಬ ಕಮ್ಮಿ ಬಿದ್ದ. ಐವತ್ತು ನಿಮಿಷ ಎಲ್ಲ ಮಹಡಿ, ಎಲ್ಲ ಶಾಫ್ಟು, ನೀರಿನ ತೊಟ್ಟಿ ಹುಡುಕಿಸಿದೆ. ಸಿಮೆಂಟ್ ಲಾರಿಯಲ್ಲಿ ಹಿಂದಿನ ಗೇಟಿನಿಂದ ಹೋಗಿ ಶೆಡ್ಡಿನಲ್ಲಿ ಮಲಗಿದ್ದ. ಮೂವತ್ತು ಜನರ ಓವರ್‌ಟೈಮ್ ಹಾಳಾಯಿತೆಂದು ಎಂಜಿನಿಯರುಗಳು ಸಿಟ್ಟಾದರು. ನಾನು ಆ ಹುಡುಗನನ್ನು ಬೈಯಲಿಲ್ಲ. ಅವನು ಕಣ್ಣುಜ್ಜಿಕೊಂಡು ಎದ್ದು ಕೂತದ್ದನ್ನು ನೋಡಿ ನನಗೆ ಮಾತೇ ಬರಲಿಲ್ಲ.

ಇದನ್ನು ಓದುತ್ತಿರುವವರಲ್ಲಿ ಎಷ್ಟೋ ಜನ ಫ್ಲ್ಯಾಟ್ ಬುಕ್ ಮಾಡಿರುತ್ತೀರಿ, ಭಾನುವಾರ ಹೋಗಿ ಎಷ್ಟು ಮಹಡಿ ಎದ್ದಿದೆ ಎಂದು ನೋಡಿ ಬರುತ್ತೀರಿ. ಮುಂದಿನ ಸಲ ಹೋದಾಗ ಗೇಟಿನಲ್ಲಿ ಒಂದು ಮಾತು ಕೇಳಿ: ಈಗ ಒಳಗೆ ಒಟ್ಟು ಎಷ್ಟು ಜನ ಇದ್ದಾರೆ? ‘ಯಾವ ಕಂಪನಿಯವರು ಸಾರ್?’ ಎಂದು ಕಾವಲುಗಾರ ತಿರುಗಿ ಕೇಳಿದರೆ ಸುಮ್ಮನೆ ಬರಬೇಡಿ. ನಿಮ್ಮ ಹಣ ಪಡೆದವರಿಗೆ ಅವತ್ತೇ ಒಂದು ಕಾಗದ ಬರೆಯಿರಿ.